ಪಡುವಣ ಗೋಡೆಯ ಅಂಟು

ಎಲ್ಲರೂ ಅವನನ್ನು ಅಂಟು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ತಾನು ಸಂದಿಗೆ ಅಂಟು ತುಂಬಿದರೆ ಇರುವೆಗೂ ದಾರಿ ಸಿಗದು ಎಂದು ಅವನೇ ಹೇಳಿಕೊಳ್ಳುತ್ತಿದ್ದ; ತನ್ನ ಬೆನ್ನು ತಾನೇ ತಟ್ಟಿಕೊಳ್ಳುವುದರಲ್ಲಿ ಎತ್ತಿದ ಕೈ. ಇವತ್ತು ಮಾತ್ರ ಶಾಲೆಯ ಪಡುವಣ ದಿಕ್ಕಿನ ಗಾಜಿನ ಗೋಡೆಯೆದುರು, ಹಗ್ಗದಿಂದ ಇಳಿಬಿಟ್ಟ ಅಟ್ಟಣಿಗೆಯ ಮೇಲೆ, ಅವನ ಬಾಯಿ ಒಣಗಿತ್ತು. ಆರು ವರ್ಷದ ಹಿಂದೆ ಅವನು ಬರೀ ಅಂಟಿನ ಬಲದಲ್ಲಿ ಕೂರಿಸಿದ ಗಾಜುಗಳು ಇನ್ನೂ ಗಟ್ಟಿಯಿವೆಯೇ ಎಂದು ಬರೆದುಕೊಡಬೇಕಾದ ಪರೀಕ್ಷಕಿ ಪಕ್ಕದಲ್ಲೇ ನಿಂತಿದ್ದಳು. ಅವಳು ಅವನ ಸ್ವಂತ ತಂಗಿ. ಗೋಡೆಯ ಬುಡದಲ್ಲೇ ಗೇಟು. ಶಾಲೆ ಬಿಡಲು ಇಪ್ಪತ್ತು ನಿಮಿಷವಿತ್ತು. ಮಕ್ಕಳನ್ನು ಕರೆದೊಯ್ಯುವವರು ಆಗಲೇ ಗುಂಪುಗೂಡುತ್ತಿದ್ದರು.

ಪ್ರತಿ ಕೆಲಸಕ್ಕೆ ಬಳಸಿದ ಅಂಟಿನಿಂದ ರಬ್ಬರಿನಂಥ ಒಂದು ಪಟ್ಟಿ ಮಾಡಿ, ಅದನ್ನು ಮನೆಯ ಕಿಟಕಿಯಾಚೆ ನೇತುಹಾಕಿ, ವರ್ಷಕ್ಕೊಮ್ಮೆ ಎಳೆದು ನೋಡುವುದು ಅವನ ಪದ್ಧತಿ. ಈ ಗೋಡೆಯ ಪಟ್ಟಿಯನ್ನು ಜೇಬಿನಿಂದ ತೆಗೆದು ಎಳೆದು ತೋರಿಸಿದ. ಹೊಸದರಂತೆ ಹಿಗ್ಗಿತು. ಎಲ್ಲಿ ಕಟ್ಟಿದ್ದೆ ಎಂದು ತಂಗಿ ಕೇಳಿದಳು. ಅಡುಗೆಮನೆ ಕಿಟಕಿಗೆ ಎಂದ.

"ಅದರ ಮೇಲೆ ಸಜ್ಜಾ ಇದೆಯಲ್ಲ ಅಣ್ಣಾ. ಬಿಸಿಲು ಬೀಳಲ್ಲ, ಮಳೆ ತಾಗಲ್ಲ. ಈ ಗೋಡೆ ಪಾಡು ಅದಕ್ಕೇನು ಗೊತ್ತು?"

ಅವನು ಗಾಜಿಗೆ ಅಂಗೈಯಿಟ್ಟ; ಬಿಸಿಲಿಗೆ ಸುಡುತ್ತಿತ್ತು. ಇಲ್ಲಿ ಗಾಜು ದಿನಾ ಕಾದು ಹಿಗ್ಗುತ್ತದೆ, ತಣಿದು ಕುಗ್ಗುತ್ತದೆ. ನಡುವಿನ ಅಂಟು ಜಗ್ಗಿ ಜಗ್ಗಿ ಸೋಲುತ್ತದೆ. ಕೆಲಸಕ್ಕೆ ಬಂದ ಹುಡುಗರಿಗೆಲ್ಲ ಇದನ್ನೇ ಪಾಠ ಹೇಳಿದ ಮಹಾಶಯ ಅವನು.

ತಂಗಿ ಚಾಕು ಕೊಟ್ಟಳು. ಗಾಜಿನಂಚಿನ ಅಂಟನ್ನು ಎರಡಂಗುಲ ಕೊಯ್ದು ತುದಿ ಹಿಡಿದು ಎಳೆಯಬೇಕು. ಅಂಟು ನಡುವೆ ಹರಿದರೆ ಹಿಡಿತ ಇದೆಯೆಂದು ಅರ್ಥ, ಬುಡಸಮೇತ ಎದ್ದರೆ ಇಲ್ಲ. ಅವನು ಮೆಲ್ಲಗೆ ಎಳೆದ. ಅಂಟು ಬಾಳೆಹಣ್ಣಿನ ಸಿಪ್ಪೆಯಂತೆ ಬುಡಸಮೇತ ಬಿಟ್ಟು ಬಂತು. ಗಾಜು ಸಣ್ಣಗೆ ಅಲುಗಿತು.

ವರದಿಯನ್ನು ಒಂದು ವಾರ ತಡೆದು ಬರೆ, ಅಷ್ಟರಲ್ಲಿ ಸದ್ದಿಲ್ಲದೆ ಸರಿಮಾಡುತ್ತೇನೆ, ಇಲ್ಲದಿದ್ದರೆ ಇಷ್ಟು ವರ್ಷದ ಹೆಸರು ಮಣ್ಣುಪಾಲಾಗುತ್ತದೆ ಎಂದು ಗೋಗರೆದ. ತಂಗಿಯ ಕಣ್ಣು ತುಂಬಿತು. ಪೆನ್ನು ಮಾತ್ರ ನಿಲ್ಲಲಿಲ್ಲ.

"ಒಂದು ವಾರ ಆ ಮಕ್ಕಳು ಎಲ್ಲಿ ಓಡಾಡಬೇಕು, ಅದನ್ನೂ ಹೇಳು."

ಅವನು ಕೆಳಗೆ ನೋಡಿದ. ಒಂದು ಮಗು ಗೇಟಿಗೆ ಮೂಗೊತ್ತಿ ನಿಂತಿತ್ತು. ನಾಚಿಕೆಯಿಂದ ಅವನಿಗೆ ತಲೆಯೆತ್ತಲಾಗಲಿಲ್ಲ. ಅಟ್ಟಣಿಗೆ ಇಳಿಸಿ, ಗೇಟಿಗೆ ಓಡಿ, ಜನರನ್ನು ಹಿಂದಕ್ಕೆ ತಳ್ಳತೊಡಗಿದ. ನೀನ್ಯಾರಯ್ಯ ತಡೆಯೋದಕ್ಕೆ ಎಂದು ಒಬ್ಬ ಗದರಿದ.

"ಆ ಗಾಜು ಕೂರಿಸಿದೋನು ನಾನೇ," ಎಂದ ಮೇಸ್ತ್ರಿ. "ಅದರ ಮೇಲೆ ನನಗೇ ನಂಬಿಕೆ ಇಲ್ಲ. ದೂರ ಹೋಗಿ."