ಗಾಳಿ ಚೆನ್ನಾಗಿರುವ ಕಾಲೊನಿ

"ಅಕ್ಕಾ, ಬೇಗ ಕೈ ತೊಳ್ಕೊಂಡು ಬನ್ನಿ. ಸಮಾನತೆಗೆ ಹೊತ್ತಾಯ್ತು."

ಮೋರಿಯೊಳಗೆ ಭುಜದವರೆಗೂ ಕೈ ಇಳಿಬಿಟ್ಟು ಕೂತಿದ್ದವಳು ತಲೆಯೆತ್ತಿದಳು. ಕಾಲೊನಿಯ ಸೆಕ್ರೆಟರಿ ಮೂಗಿಗೆ ಕರ್ಚೀಫು ಹಿಡಿದು, ಅದರ ಹಿಂದಿನಿಂದಲೇ ನಗುತ್ತ ನಿಂತಿದ್ದರು. ಅವಳ ಬೆರಳಿಗೆ ಆಗತಾನೆ ಏನೋ ಸಿಕ್ಕಿತ್ತು, ಬಟ್ಟೆಯೋ ಕೂದಲ ಉಂಡೆಯೋ. ಇನ್ನೊಂದು ಸಲ ಎಳೆದರೆ ಬಂದುಬಿಡುವ ಹಾಗಿತ್ತು.

"ಇದೊಂದು ಕಿತ್ತು ಬರ್ತೀನಿ ಸಾ. ಬಿಟ್ರೆ ಮತ್ತೆ ಒಳಕ್ಕೆ ಹೋಗ್ಬಿಡುತ್ತೆ."

"ಮೋರಿ ಎಲ್ಲೂ ಓಡಿಹೋಗಲ್ಲ ಅಕ್ಕ, ಮನೆ ನೋಡೋಕೆ ಬಂದಿರೋರು ಓಡಿಹೋಗ್ತಾರೆ. ವಾಸನೆ ಸೋಪು ಹಾಕ್ಕೊಳ್ಳಿ. ಹೋದ ಸಲ ಸ್ವಲ್ಪ ನಾತ ಇತ್ತು ಅಂತ ಕಮಿಟೀಲಿ ಮಾತು ಬಂತು. ನೊಂದ್ಕೊಂಡು ಹೇಳಿದ್ದು ಅಷ್ಟೆ, ಬೈದಿದ್ದಲ್ಲ."

ಆ ಕಾಲೊನಿಯಲ್ಲಿ ಯಾರನ್ನೂ ಬೈಯುವ ಹಾಗಿರಲಿಲ್ಲ. ಅಲ್ಲಿ ನೆಲೆಸಿದವರು ನೀರು, ಶಾಲೆ, ಆಸ್ಪತ್ರೆ ನೋಡಿಕೊಂಡು ಬಂದವರಲ್ಲ. ವಿಚಾರ ನೋಡಿಕೊಂಡು ಬಂದವರು. ತಮ್ಮಂತೆಯೇ ಯೋಚಿಸುವ, ತಮ್ಮಂತೆಯೇ ವೋಟು ಹಾಕುವ ಜನ ಅಕ್ಕಪಕ್ಕ ಇರಬೇಕು ಅಂತ ಹಳೆಯ ಮನೆ ಮಾರಿ ಬಂದವರು. ಹಾಗೆ ಯೋಚಿಸದವರಿಗೆ ರಸ್ತೆಯಾಚೆ ಇನ್ನೊಂದು ಕಾಲೊನಿ ಇತ್ತು. ಅವರೂ ಹೀಗೇ ಹುಡುಕಿಕೊಂಡು ಬಂದವರೇ. ಈಚೆಯವರು ಆಚೆಯವರ ಮುಖ ನೋಡುತ್ತಿರಲಿಲ್ಲ. ಎರಡೂ ಕಡೆಯ ಕೊಳಚೆ ಮಾತ್ರ ಒಂದೇ ಕೊಳವೆಯಲ್ಲಿ ಕೂಡಿಕೊಂಡು ಯಾವ ಭೇದಭಾವವೂ ಇಲ್ಲದೆ ಹರಿದು ಹೋಗುತ್ತಿತ್ತು.

ಮೊದಲು ಅವಳನ್ನು ಮೋರಿಯವಳು ಅನ್ನುತ್ತಿದ್ದರು. ಅದು ತಪ್ಪು ಅಂತ ಸಭೆಯಲ್ಲಿ ದೊಡ್ಡ ಚರ್ಚೆಯಾಗಿ, ಒಬ್ಬರು ಕಣ್ಣೀರನ್ನೂ ಹಾಕಿ, ಇನ್ನು ಮೇಲೆ ಎಲ್ಲರೂ 'ಅಕ್ಕ' ಅನ್ನತಕ್ಕದ್ದು ಅಂತ ತೀರ್ಮಾನವಾಯಿತು. ಅವಳ ಅಪ್ಪನ ವಯಸ್ಸಿನ ರಿಟೈರ್ಡ್ ಜಡ್ಜರು ಕೂಡ ಬಾಲ್ಕನಿಯಿಂದ ಬಗ್ಗಿ, "ಅಕ್ಕಾ, ನಮ್ಮ ಕಕ್ಕಸು ಕಟ್ಕೊಂಡಿದೆ" ಅಂತ ಬಾಯಿ ತುಂಬ ಕರೆಯತೊಡಗಿದರು.

ಅಲ್ಲಿ ಮನೆ ಕೊಳ್ಳಲು ಬಂದವರು ಬಾಗಿಲು ಕಿಟಕಿ ನೋಡುವ ಮೊದಲು ಕೇಳುತ್ತಿದ್ದದ್ದು ಒಂದೇ: "ಇಲ್ಲಿನ ವಾತಾವರಣ ಹೇಗೆ?" ಈ ಪ್ರಶ್ನೆಗೆ ಉತ್ತರ ಅಂತ ಕಮಿಟಿ ಅವಳನ್ನು ಇಟ್ಟುಕೊಂಡಿತ್ತು. ಬಂದವರ ನಡುವೆ, ಸಭಾಂಗಣದ ಮೆತ್ತನೆ ಕುರ್ಚಿಯಲ್ಲಿ ಅವಳನ್ನು ಕೂರಿಸಿ, ಸೆಕ್ರೆಟರಿ ಸ್ವತಃ ಟೀ ಬಗ್ಗಿಸಿ ಕೊಡುತ್ತಿದ್ದರು. ಅವಳು ಕುಡಿಯುತ್ತಿದ್ದಳು. ಬಂದವರ ಕಣ್ಣು ಒದ್ದೆಯಾಗುತ್ತಿತ್ತು. ಬೇರೆ ದಿನ ಆ ಕುರ್ಚಿಯಲ್ಲಿ ಕೂರಬೇಡ ಅಂತ ಯಾರೂ ಹೇಳಿರಲಿಲ್ಲ. ಒಂದು ಸಲ ಕಾಲು ನೋವು ಅಂತ ಅವಳು ಕೂತಾಗ, ಒಳಗಿದ್ದವರೆಲ್ಲ ಮಾತು ನಿಲ್ಲಿಸಿ, ಅವಳು ಏಳುವವರೆಗೂ ನಗುನಗುತ್ತ ಅವಳನ್ನೇ ನೋಡಿದ್ದರು. ಅಷ್ಟೆ.

ಕೈ ತೊಳೆಯಲು ಅವಳು ಪಂಪ್‌ಮನೆಯ ಹಿಂದಿನ ತನ್ನ ಕೋಣೆಗೆ ಬಂದಳು. ಅಲ್ಲಿ ಕಬ್ಬಿಣದ ಮಂಚದ ಮೇಲೆ ಗಂಡ ಮಲಗಿದ್ದ. ಕಾಲೊನಿಯ ದೊಡ್ಡ ಕಕ್ಕಸು ಗುಂಡಿಗೆ ಇಳಿದವನು ಒಳಗಿನ ಗಾಳಿಗೆ ತಲೆ ತಿರುಗಿ ಬಿದ್ದು ಸೊಂಟ ಮುರಿದುಕೊಂಡಿದ್ದ. ಸೊಂಟದ ಕೆಳಗೆ ಜೀವವಿರಲಿಲ್ಲ. ಅಲ್ಲಿಂದ ಹೋದ ಜೀವವೆಲ್ಲ ನಾಲಿಗೆಗೆ ಬಂದು ಸೇರಿಕೊಂಡಿತ್ತು.

"ಏನೇ, ಮತ್ತೆ ಮದುವಣಗಿತ್ತಿ ಆಗ್ತಿದೀಯಾ?"

"ಹೂಂ, ಟೀಗೆ ಕರೆದವ್ರೆ."

"ಬಿಸ್ಕತ್ತು ಕೊಟ್ರೆ ಒಂದು ಸೆರಗಲ್ಲಿ ಕಟ್ಕೊಂಡು ಬಾ. ನನ್ನ ಹೊಟ್ಟೆಗೂ ಸ್ವಲ್ಪ ಸಮಾನತೆ ಇಳೀಲಿ."

ಮಂಚದ ಪಕ್ಕ ನೆಲದಲ್ಲಿ ಕೂತಿದ್ದ ಅವಳ ಓರಗಿತ್ತಿ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ಓರಗಿತ್ತಿ ರಸ್ತೆಯಾಚೆಯ ಕಾಲೊನಿಯಲ್ಲಿ ಕಸ ಗುಡಿಸುವವಳು. ಅವಳ ಗಂಡ, ಅಂದರೆ ಮೈದುನ, ಲಾರಿಗೆ ಮೂಟೆ ಹೊರುವವನು; ಅವನೂ ಬಾಗಿಲಲ್ಲಿ ಬೀಡಿ ಸೇದುತ್ತ ಕೂತಿದ್ದ.

"ನಮ್ಮೋರೇ ವಾಸಿ ಕಣಕ್ಕ," ಅಂದಳು ಓರಗಿತ್ತಿ. "'ಏಯ್ ಮುಂಡೇದೆ, ಹಿಂದ್ಗಡೆ ಗೇಟಿಂದ ಬಾರೆ' ಅಂತಾರೆ. ಮುಗೀತು. ನಿಮ್ಮೋರು ಮುಂದ್ಗಡೆ ಗೇಟಲ್ಲಿ ನಿಂತು ಕೈ ಮುಗೀತಾರೆ, ಆದ್ರೆ ಗೇಟೇ ತೆಗೆಯಲ್ಲ."

"ಥೂ, ಸುಮ್ನಿರೆ. ಬೈಸ್ಕೊಳ್ಳೋದ್ರಲ್ಲೂ ನಿಂದು ದೊಡ್ಡದಾ?" ಅಂದಳು ಅವಳು, ಕೈಗೆ ಸೋಪು ಉಜ್ಜುತ್ತ.

ಅವರಿಬ್ಬರೂ ಅಂದು ಬಂದು ಕೂತಿದ್ದಕ್ಕೆ ಕಾರಣವಿತ್ತು. ಕೆಲವು ದಿನಗಳ ಹಿಂದೆ ಸೆಕ್ರೆಟರಿ ಇದೇ ಕೋಣೆಗೆ ಬಂದು, ಬಾಗಿಲಾಚೆಯೇ ನಿಂತು, ಬಹಳ ಪ್ರೀತಿಯಿಂದ ಹೇಳಿದ್ದರು: "ಅಕ್ಕ, ಈ ಕೋಣೆಯನ್ನ ಸಂವಾದದ ಕೋಣೆ ಮಾಡ್ಬೇಕು ಅಂತ ಎಲ್ಲರ ಆಸೆ. ದುಡಿಯೋರ ಕಷ್ಟಸುಖದ ಬಗ್ಗೆ ಬಂದಿರೋ ಪುಸ್ತಕಗಳನ್ನೆಲ್ಲ ತಂದು ಇಲ್ಲಿಡ್ತೀವಿ. ಹೆಸರು ಏನು ಗೊತ್ತಾ? 'ಅಕ್ಕನ ಮನೆ'!"

"ಹಂಗಾದ್ರೆ ಅಕ್ಕ ಎಲ್ಲಿರ್ಬೇಕು ಸಾ?"

ಸೆಕ್ರೆಟರಿ ಗಲ್ಲದ ಮೇಲೆ ಬೆರಳಿಟ್ಟುಕೊಂಡಿದ್ದರು. "ಬಹಳ ಒಳ್ಳೆ ಪ್ರಶ್ನೆ ಅಕ್ಕ. ಉದ್ಘಾಟನೆ ದಿನ ಇದನ್ನೇ ಚರ್ಚೆಗೆ ಇಡೋಣ."

ಕಾಲೊನಿಯಲ್ಲಿ ಮಾರಾಟವಾಗದೆ ಉಳಿದಿದ್ದದ್ದು ಒಂದೇ ಮನೆ. ಅದು ಹೋದರೆ ಬಂದ ದುಡ್ಡಲ್ಲಿ ಈ ಕೋಣೆ ಖಾಲಿ ಮಾಡಿಸಿ ಗಾರೆ ಕೆಲಸ ಶುರು; ಸಾಮಾನು ಎತ್ತಲು ಕೈ ಬೇಕಾದೀತು ಅಂತ ಓರಗಿತ್ತಿ, ಮೈದುನ ಬಂದಿದ್ದರು. ಅಲ್ಲಿಗೆ, ಅವತ್ತು ಅವಳು ಕುಡಿಯಬೇಕಾಗಿದ್ದದ್ದು ತನ್ನನ್ನೇ ಹೊರಗೆ ಹಾಕುವ ಟೀ.

ಬಾಡಿಗೆಗೆ ಕೋಣೆ ಹುಡುಕದೆ ಅವಳೇನೂ ಕೂತಿರಲಿಲ್ಲ. ಒಂದು ಬೀದಿಯಲ್ಲಿ ಮನೆ ಮಾಲೀಕ ಮೊದಲು ಕೇಳಿದ್ದೇ, "ನಿಮ್ಮ ವೋಟು ಯಾರಿಗೆ?" "ನೀವು ಯಾರಿಗೆ ಹಾಕ್ತೀರೋ ಅವರಿಗೇ ಸಾ," ಅಂದಳು. "ಇಷ್ಟು ಬೇಗ ಒಪ್ಕೊಳ್ಳೋರನ್ನ ನಂಬೋದು ಹೆಂಗೆ?" ಅಂತ ಅವನು ಬಾಗಿಲು ಹಾಕಿಕೊಂಡ. ಮುಂದಿನ ಬೀದಿಯಲ್ಲಿ ಎಚ್ಚರಿಕೆಯಾಗಿ, "ಯಾರಿಗೂ ಇಲ್ಲ" ಅಂದಳು. "ಯಾವ ಕಡೆಯೂ ಇಲ್ದಿರೋರೇ ದೇಶಕ್ಕೆ ಅಪಾಯ," ಅಂದಳು ಆ ಮನೆಯೊಡತಿ. ಮತ್ತೊಬ್ಬ ಏನೂ ಕೇಳಲಿಲ್ಲ. ಗಂಡ ಮಂಚದಲ್ಲೇ ಎಲ್ಲ ಮಾಡಿಕೊಳ್ಳುತ್ತಾನೆ ಅಂತ ಗೊತ್ತಾದ ಮೇಲೆ ಅವನಿಗೂ ಒಂದು ಸಿದ್ಧಾಂತ ಹುಟ್ಟಿಕೊಂಡಿತು.

ಸಭಾಂಗಣದಲ್ಲಿ ಮನೆ ನೋಡಲು ಬಂದ ಗಂಡ ಹೆಂಡತಿ ಕಾಯುತ್ತಿದ್ದರು. ಇಬ್ಬರೂ ಓದಿಕೊಂಡವರು, ಮೃದು ಮಾತಿನವರು. ಅವಳು ಬಂದ ಕೂಡಲೆ ಎದ್ದು ನಿಂತರು. ಸೆಕ್ರೆಟರಿ ಟೀ ಬಗ್ಗಿಸಿದರು.

"ನಾವಿದ್ದ ಕಡೆ ಉಸಿರಾಡೋಕೇ ಆಗ್ತಿರ್ಲಿಲ್ಲ ಅಕ್ಕ," ಅಂದರು ಮೇಡಂ. "ಲಿಫ್ಟಲ್ಲಿ ಪಕ್ಕದ ಮನೆಯವರು ಬಂದು ನಿಂತ್ರೆ ಸಾಕು, ಉಸಿರು ಕಟ್ಟಿದ ಹಾಗಾಗೋದು. ಅವರ ವಿಚಾರಗಳು ಅಷ್ಟು ಕೆಟ್ಟವು."

ಅವಳಿಗೆ ನಿಜಕ್ಕೂ ಅಯ್ಯೋ ಅನಿಸಿತು. "ನಮ್ಮನೆಯವ್ರಿಗೂ ಹಂಗೇ ಆಯ್ತಮ್ಮ. ಗುಂಡಿಯೊಳಗೆ."

ಸೆಕ್ರೆಟರಿಗೆ ಕೆಮ್ಮು ಬಂತು. "ಅಕ್ಕ, ಸಕ್ಕರೆ ಸಾಕಾ? ಇಲ್ಲಿನ ವಾತಾವರಣ ಹೇಗಿದೆ ಅಂತ ಇವರಿಗೆ ಹೇಳಿ."

"ಇಲ್ಲಿ ಎಲ್ಲರೂ ಒಂದೇ," ಅಂದಳು ಅವಳು, ಕಲಿಸಿಕೊಟ್ಟ ಹಾಗೆ.

ಮೇಡಂ ಅವಳ ಕೈ ಹಿಡಿದುಕೊಂಡರು. "ನಿಮ್ಮ ಮನೆ ನೋಡ್ಬೇಕು ಅಕ್ಕ."

ಸೆಕ್ರೆಟರಿ ಬೇಡ ಅನ್ನುವಷ್ಟರಲ್ಲಿ ಅವಳು ಎದ್ದಾಗಿತ್ತು. ಒಳ್ಳೆಯ ಜನ, ಕಣ್ಣಾರೆ ನೋಡಲಿ. ಮಲಗಿದವನನ್ನು ನೋಡಿದ ಮೇಲೂ ಇವರನ್ನು ಆಚೆ ಹಾಕಿ ಅಂತ ಯಾವ ಬಾಯಿ ಹೇಳೀತು?

ಬಾಗಿಲಲ್ಲಿ ನಿಂತ ಮೇಡಂ ಮಂಚದ ಮೇಲೆ ಮಲಗಿದ್ದವನಿಗೆ ಕೈ ಮುಗಿದರು. "ನಮಸ್ಕಾರ ಅಣ್ಣ."

"ನಮಸ್ಕಾರ ತಾಯಿ. ಎದ್ದು ನಿಲ್ಲಕ್ಕಾಗಲ್ಲ, ಬೇಜಾರ್ ಮಾಡ್ಕೋಬೇಡಿ. ನನ್ನ ಕಾಲು ಗುಂಡೀಲೇ ಉಳ್ಕೊಂಡ್ವು."

ಮೇಡಂ ಕಣ್ಣೆತ್ತಿ ಗೋಡೆಯ ಮೇಲಿನ ಕಿಟಕಿ ನೋಡಿದರು. ಬಹಳ ಹೊತ್ತು ನೋಡಿದರು. "ಆಹಾ, ಈ ಬೆಳಕು ನೋಡಿ! ಸೆಕ್ರೆಟರಿ ಹೇಳಿದ್ದು ನಿಜ, ಓದೋಕೆ ಹೇಳಿ ಮಾಡಿಸಿದ ಹಾಗಿದೆ."

ಅವರ ಗಂಡ ಒಳಗೆ ಬಂದು ಮಂಚದ ಮೇಲೆ ಬಾಗಿ, ಮಲಗಿದವನ ಮೂಗಿನ ಮೇಲಿಂದ ಮೊಳ ಹಾಕಿ ಗೋಡೆ ಅಳೆದರು. "ಇಲ್ಲಿಂದ ಅಲ್ಲೀವರೆಗೆ ಶೆಲ್ಫು. ಕಾರ್ಮಿಕ ಚಳವಳಿ ಬಗ್ಗೆ ನಮ್ಮನೆ ಪುಸ್ತಕಗಳೇ ಸಾಕು, ತುಂಬುತ್ತೆ. ಅಣ್ಣ, ಸ್ವಲ್ಪ ಆ ಕಡೆ ಸರೀತೀರಾ?"

"ಸರಿಯೋ ಹಂಗಿದ್ದಿದ್ರೆ ನಿಮ್ಮ ಕಕ್ಕಸು ಗುಂಡಿಗೇ ಇಳೀತಿದ್ದೆ ಸಾ."

"ಎಂಥ ಹಾಸ್ಯಪ್ರಜ್ಞೆ!" ಮೇಡಂ ಮನಸಾರೆ ನಕ್ಕರು. "ಇಂಥವರ ನಡುವೆ ಬದುಕ್ಬೇಕು ಅಂತಲೇ ನಾವು ಬಂದಿರೋದು."

ಹೊರಗೆ ಬಂದ ಮೇಲೆ ಸೆಕ್ರೆಟರಿ ಹಿಂದೆ ಉಳಿದು, ದನಿ ತಗ್ಗಿಸಿ ಹೇಳಿದರು: "ತಗೊಂಡ್ರು ಅಕ್ಕ! ಎಲ್ಲ ನಿಮ್ಮಿಂದಲೇ. ನಾಳೆ ಗಾರೆಯವರು ಬರ್ತಾರೆ. ಇವತ್ತೇ ಸಾಮಾನು ತೆಗೆದ್ರೆ ನಿಮಗೇ ಅನುಕೂಲ, ಧೂಳು ಗೀಳು ಬೀಳಲ್ಲ."

ಅವಳು ಅಲ್ಲೇ ನಿಂತಳು. ಅಳು ಬರುತ್ತದೆ ಅಂದುಕೊಂಡಿದ್ದಳು, ಬರಲಿಲ್ಲ. ಬಾಗಿಲಲ್ಲಿ ಕೂತಿದ್ದ ಮೈದುನನಿಗೆ ಹೇಳಿದಳು: "ಬೀಡಿ ಬಿಸಾಕು. ಮಂಚ ಎತ್ತು."

"ಎಲ್ಲಿಗೆ ಅತ್ತಿಗೆ?"

"ಗಾಳಿ ಚೆನ್ನಾಗಿರೋ ಕಡೆಗೆ."

ಗಿಡಕ್ಕೆ ನೀರು ಬಿಡುತ್ತಿದ್ದ ಮಾಲಿಯನ್ನೂ ಕೂಗಿ ಕರೆದಳು. ಅವನು ಪೈಪು ಹಾಗೇ ಬಿಟ್ಟು ಬಂದ. ನಾಲ್ವರೂ ನಾಲ್ಕು ಕಾಲು ಹಿಡಿದು ಎತ್ತಿದರು. ಮಂಚ ಜೋಲಿ ಹೊಡೆಯಿತು.

"ನೆಟ್ಟಗೆ ಹಿಡೀರೋ ನನ್ಮಕ್ಳಾ! ಹೆಣ ಹೊತ್ತಂಗೆ ಹೊರಬೇಡಿ, ಇವರು ಹಂಗೇ ಸಂತಾಪ ಸಭೆ ಮಾಡ್ಬಿಟ್ಟಾರು!" ಅಂತ ಗಂಡ ದಾರಿಯುದ್ದಕ್ಕೂ ಕೂಗುತ್ತಲೇ ಇದ್ದ.

ಸಭಾಂಗಣದಲ್ಲಿ ಹೊಸಬರಿಗೆ ಸ್ವಾಗತ ನಡೆದಿತ್ತು. ಕಮಿಟಿಯವರೆಲ್ಲ ಸೇರಿದ್ದರು. ಜಡ್ಜರು ಸಹಬಾಳ್ವೆಯ ಬಗ್ಗೆ ನಾಲ್ಕು ಮಾತು ಆಡುತ್ತಿದ್ದರು. ಮಂಚ ಬಾಗಿಲಿಗೆ ಒಂದು ಸಲ ಬಡಿದು, ಓರೆಯಾಗಿ ಒಳಗೆ ಬಂದು, ಕುರ್ಚಿಗಳ ನಡುವೆ ಕೂತಿತು.

"ಅಕ್ಕ... ಏನಿದು?" ಸೆಕ್ರೆಟರಿಯ ನಗು ಇನ್ನೂ ಮುಖದ ಮೇಲೇ ಇತ್ತು, ತೆಗೆಯಲು ಮರೆತ ಹಾಗೆ.

"ನಾವೂ ಇಲ್ಲೇ ಇರೋಣ ಅಂತ ತೀರ್ಮಾನ ಮಾಡಿದ್ವಿ ಸಾ. ಬೇರೆ ಕಡೆಯೆಲ್ಲ ನೋಡ್ಕೊಂಡು ಬಂದೆ. ವಾತಾವರಣ ಸರಿ ಇಲ್ಲ."

ಹೊರಗೆ ಹೋಗಿ ಅನ್ನುವ ಎರಡು ಮಾತನ್ನು ಅಲ್ಲಿದ್ದವರಲ್ಲಿ ಯಾರೂ ಅನ್ನುವ ಹಾಗಿರಲಿಲ್ಲ. ಅಂಥ ಮಾತು ಆಡುವವರ ಸಹವಾಸ ಬೇಡ ಅಂತಲೇ ಅವರೆಲ್ಲ ಅಲ್ಲಿಗೆ ಬಂದದ್ದು. ಒಬ್ಬರು, "ನಿಮ್ಮ ಭಾವನೆಯನ್ನ ಗೌರವಿಸ್ತೀವಿ" ಅಂದರು. ಇನ್ನೊಬ್ಬರು ಉಪಸಮಿತಿ ಅಂದರು. ಮತ್ತೊಬ್ಬರು ಚಪ್ಪಾಳೆ ತಟ್ಟಿ, ಬೇರೆ ಯಾರೂ ತಟ್ಟಲಿಲ್ಲ ಅಂತ ಕೈ ಇಳಿಸಿದರು.

"ಟೀ ಯಾವಾಗ ಬರುತ್ತೆ?" ಅಂದ ಗಂಡ. ಸ್ವಲ್ಪ ಹೊತ್ತು ಬಿಟ್ಟು, "ಲೇ, ಉಚ್ಚೆ ಬಂತು ಕಣೆ."

ಅವಳು ಮಂಚದ ಕೆಳಗಿನ ಬಾಟಲಿ ತೆಗೆದು ಹೊದಿಕೆಯೊಳಗೆ ಹಿಡಿದಳು. ಆ ಸದ್ದಿಗೆ ಸಭೆಯೆಲ್ಲ ಕಿಟಕಿಯಾಚೆಯ ಗಿಡಗಳನ್ನು ನೋಡತೊಡಗಿತು.

ಜಡ್ಜರು ಸೆಕ್ರೆಟರಿಯ ಕಿವಿಯಲ್ಲಿ ಏನೋ ಹೇಳಿದರು. ಸೆಕ್ರೆಟರಿ ಮೂಲೆಗೆ ಹೋಗಿ ಫೋನು ಹಚ್ಚಿದರು. ಮುಖ ಕೂಡ ನೋಡದ ಆಚೆ ಕಾಲೊನಿಯ ಅಧ್ಯಕ್ಷರ ನಂಬರು ಅವರ ಫೋನಿನಲ್ಲಿ ಹೇಗೋ ಇತ್ತು. "ನಿಮ್ಮ ಗೇಟಿನ ಮೀಸೆಯವನನ್ನ ಸ್ವಲ್ಪ ಕಳಿಸ್ತೀರಾ? ಹೌದು, ದೊಣ್ಣೆ ಸಮೇತ. ಇಲ್ಲ, ಅಂಥವರನ್ನ ನಾವು ಇಟ್ಕೊಂಡಿಲ್ಲ, ಅದು ತತ್ವದ ಪ್ರಶ್ನೆ."

ಮೀಸೆಯ ಜೊತೆ ಆಚೆಯ ಅಧ್ಯಕ್ಷರೂ ಬಂದರು. ನೋಡುವ ಆಸೆ. ಇಬ್ಬರು ಮುಖಂಡರು ಬಾಗಿಲಲ್ಲಿ ಕೈ ಕುಲುಕಿದರು.

"ಏನೋ ಮೀಸೆ, ಬೆಳಗ್ಗೆ ತಾನೆ ನನ್ ಹತ್ರ ಬೆಂಕಿಪೊಟ್ಣ ಇಸ್ಕೊಂಡ್ಯಲ್ಲೋ," ಅಂದಳು ಓರಗಿತ್ತಿ.

"ಹೊಟ್ಟೆಪಾಡು ಕಣವ್ವ," ಅಂದ ಅವನು, ಅವಳ ಕಡೆ ನೋಡದೆ. ಆಮೇಲೆ ಸೆಕ್ರೆಟರಿಗೆ, "ಯಾರನ್ನ ಎತ್ಬೇಕು ಸ್ವಾಮಿ?"

ಸೆಕ್ರೆಟರಿ ಕಣ್ಣಲ್ಲೇ ತೋರಿಸಿದರು.

"ಕಣ್ಸನ್ನೆಗೆಲ್ಲ ನಾನು ಎತ್ತಲ್ಲ. ನಾಳೆ ನಾವು ಹೇಳೇ ಇಲ್ಲ ಅಂತೀರಿ. ನಮ್ಮ ಸಾಹೇಬ್ರಾದ್ರೆ ಬಾಯ್ಬಿಟ್ಟು ಬೈದು ಹೇಳ್ತಾರೆ."

"ಅದೇ... ಅಕ್ಕನವರನ್ನ... ಗೌರವದಿಂದ ಸ್ವಲ್ಪ..."

"ಗೌರವದಿಂದ ಎತ್ತೋದು ನಂಗೆ ಬರಲ್ಲ ಸ್ವಾಮಿ. ಯಾವ ಕಡೆ ಹಿಡ್ಕೋಬೇಕು?"

ಆಚೆಯ ಅಧ್ಯಕ್ಷರು ಮುಸಿಮುಸಿ ನಕ್ಕರು. ಅವಳು ಸೆಕ್ರೆಟರಿಯ ಮುಂದೆ ಬಂದು ನಿಂತಳು. ಬಾಟಲಿ ಇನ್ನೂ ಅವಳ ಕೈಯಲ್ಲೇ ಇತ್ತು.

"ಹೇಳಿ ಸಾ. ಏನಂತ ಹೇಳ್ತೀರೋ ನಾನೂ ಕೇಳ್ತೀನಿ."

ಸೆಕ್ರೆಟರಿಯ ಕತ್ತಿನ ನರ ಉಬ್ಬಿತು. "ಎತ್ತಿ ಬಿಸಾಕೋ ಈ ದರಿದ್ರ ಮುಂಡೇನ! ಮೋರಿ ಬಾಚೋಳು ಮೋರೀಲಿರ್ಬೇಕು!"

ಸಭೆ ಉಸಿರು ಬಿಟ್ಟಿತು. ಎಲ್ಲರ ಎದೆಯ ಮೇಲಿದ್ದ ಭಾರ ಇಳಿದ ಹಾಗೆ. ಮೇಡಂ "ಛೆ ಛೆ" ಅಂದು, ತಮ್ಮ ಟೀ ಲೋಟ ತಳ್ಳಾಟದಲ್ಲಿ ಬೀಳದಂತೆ ಎತ್ತಿ ಪಕ್ಕಕ್ಕಿಟ್ಟರು.

ಮೀಸೆ ಬಗ್ಗಿ ಮಂಚದ ಒಂದು ಕಾಲು ಹಿಡಿದ. ಅವಳು ಬಾಟಲಿಯನ್ನು ಸ್ವಾಗತದ ಮೇಜಿನ ಮೇಲೆ ಇಟ್ಟು, ಬಂದು ಮಂಚದ ಮೇಲೆ ಕೂತಳು. ಓರಗಿತ್ತಿ ಕೂತಳು. ಮಾಲಿ ಕೂತ. ಮೈದುನ ಕೊನೆಗೆ, ಮೂಟೆ ಇಳಿಸಿದ ಹಾಗೆ ಧೊಪ್ಪನೆ ಕೂತ.

"ಲೋ ಬೋಳಿಮಗನೆ, ನನ್ನ ಕಾಲ ಮೇಲೆ ಕೂತ್ಯಲ್ಲೋ!"

"ನಿಂಗೆಲ್ಲಿ ಗೊತ್ತಾಗುತ್ತೆ ಅಣ್ಣ?"

"ಗೊತ್ತಾಗಲ್ಲ ಕಣೋ, ಆದ್ರೆ ಕಾಣುತ್ತಲ್ಲ!"

ಮೀಸೆ ಎಳೆದ. ನುಣುಪು ನೆಲದ ಮೇಲೆ ಮಂಚ ಒಂದು ಸಲ ಕಿರುಗುಟ್ಟಿ ನಿಂತಿತು. "ಒಬ್ಬನ ಕೈಲಾಗಲ್ಲ," ಅಂದ ಅವನು.

ಸೆಕ್ರೆಟರಿ ಆಚೆಯ ಅಧ್ಯಕ್ಷರ ಮುಖ ನೋಡಿದರು. ಅವರು ಇವರ ಮುಖ ನೋಡಿದರು. ಇಬ್ಬರೂ ತೋಳು ಮಡಿಸಿಕೊಂಡು, ಭುಜಕ್ಕೆ ಭುಜ ತಾಗಿಸಿ, ಮಂಚದ ಒಂದೇ ಕಡೆ ಬಗ್ಗಿದರು.

"ಸೊಂಟ ಜೋಪಾನ ಸಾ," ಅಂದಳು ಅವಳು. "ಬಗ್ಗಿ ರೂಢಿ ಇಲ್ಲ ನಿಮ್ಗೆ."

ಮಂಚ ಮೇಲೇಳಲಿಲ್ಲ.