ಫಾದರ್ ಬಂದುಹೋದ ಮಧ್ಯಾಹ್ನ

ಚಳ್ಳಕೆರೆಯ ಚರ್ಚಿನ ಫಾದರ್ ಇನ್ನಾಸಪ್ಪ ಬಿ.ಜಿ. ಕೆರೆ ಊರಿಗೆ ಬಂದ ಮಧ್ಯಾಹ್ನ ಜಂಬುಲಿಂಗಪ್ಪ ಮನೆಯಲ್ಲಿರಲಿಲ್ಲ. ಅವನ ಹೆಂಡತಿ ಸುಲೋಚನಮ್ಮ ಪಡಸಾಲೆಯಲ್ಲಿ ಚಾಪೆ ಹಾಸಿ, ಮಜ್ಜಿಗೆ ಕೊಟ್ಟಳು. ಫಾದರ್ ಜೊತೆಗೆ ಲೂರ್ದಮ್ಮ ಎಂಬ ಹೆಂಗಸು ಬಂದಿದ್ದಳು. ಕೂಲಿಗೆ ಹೋಗಿದ್ದ ಅವಳ ಗಂಡ ಹಿಂದಿನ ವರ್ಷ ಹೊಲದ ಬದುವಿನಲ್ಲಿ ಕೂತಿದ್ದಾಗ, ಕಾಡುಹಂದಿ ಎಂದುಕೊಂಡು ಹೊಲದವನು ಹಾರಿಸಿದ ಗುಂಡಿಗೆ ಸತ್ತಿದ್ದ. ಅವನನ್ನು ಮಣ್ಣು ಮಾಡಿದ ಮೇಲೆ ಚರ್ಚಿನವರು ಊರೂರು ತಿರುಗತೊಡಗಿದ್ದರು. ಲೈಸೆನ್ಸ್ ಇಲ್ಲದ ನಾಡಬಂದೂಕು ಇದ್ದವರು ಠಾಣೆಗೆ ಒಪ್ಪಿಸಿಬಿಡಿ, ಹೆದರಿಕೆಯಾದರೆ ನಾವೂ ಜೊತೆಗೆ ಬರುತ್ತೇವೆ ಎಂದು ಕೇಳಿಕೊಳ್ಳುತ್ತಿದ್ದರು.

ಸುಲೋಚನಮ್ಮ ಎದ್ದು ಒಳಗೆ ಹೋದಳು. ಅಟ್ಟದಿಂದ ಗೋಣಿ ಸುತ್ತಿದ ಬಂದೂಕನ್ನು ಇಳಿಸಿ ತಂದು ಫಾದರ್ ಮುಂದಿಟ್ಟಳು.

"ನಮ್ಮ ಮಾವನ ಕಾಲದ್ದು. ತಗೊಂಡು ಹೋಗ್ರಿ. ನಮ್ಮ ಯಜಮಾನ್ರಿಗೆ ನಾನು ಹೇಳ್ಕೊಂತೀನಿ."

ಫಾದರ್ ಕೈ ಹಿಂದಕ್ಕೆಳೆದುಕೊಂಡರು. "ಇದನ್ನ ನಾನು ಮುಟ್ಟೋ ಹಾಗಿಲ್ಲಮ್ಮ. ನಿಮ್ಮ ಯಜಮಾನ್ರೇ ಠಾಣೆಗೆ ಒಪ್ಪಿಸ್ಬೇಕು. ಇಬ್ರೂ ಕೂತು ಮಾತಾಡ್ರಿ. ಇನ್ನೊಂದಿನ ಬರ್ತೀನಿ."

"ಇವತ್ತೇ ಒಪ್ಪಿಸಿಬಿಡ್ರಮ್ಮ," ಎಂದಳು ಲೂರ್ದಮ್ಮ. "ನನ್ನ ಗಂಡನ್ನ ಹೊಡೆದೋನೂ ಕೆಟ್ಟೋನೇನಲ್ಲ."

ಅವರು ಇನ್ನೂ ಬೇರೆ ಊರುಗಳಿಗೆ ಹೋಗಬೇಕಿತ್ತು. ಜೀಪು ಹತ್ತಿ ಹೊರಟುಹೋದರು. ಸುಲೋಚನಮ್ಮ ಬಂದೂಕನ್ನು ತಾನೇ ಮತ್ತೆ ಅಟ್ಟಕ್ಕೇರಿಸಿದಳು.

ಸಂಜೆ ಗಂಡನ ಮುಂದೆ ವಿಷಯ ಎತ್ತಿದಳು. ಜಂಬುಲಿಂಗಪ್ಪ ನಕ್ಕ.

"ಹಂದಿ ಬಂದ್ರೆ ಫಾದರ್ ಬಂದು ಕಾಯ್ತಾರೇನು? ಶೇಂಗಾ ಕಿತ್ತು ಮನೆಗೆ ಬರ್ಲಿ. ಆಮೇಲೆ ನಾನೇ ಕೊಟ್ಟು ಬರ್ತೀನಿ."

ಮಾತಿಗೆ ತಪ್ಪುವವನಲ್ಲ. ಕೊಡುತ್ತಾನೆ ಎಂದು ಅವಳಿಗೂ ನಂಬಿಕೆ ಇತ್ತು. ಹಾಗಾಗಿ ಜಗಳ ಬೆಳೆಸಲಿಲ್ಲ.

ಶೇಂಗಾ ಕೀಳುವುದಕ್ಕೆ ಇನ್ನೇನು ಆಳು ಗೊತ್ತು ಮಾಡಬೇಕು, ಅಷ್ಟರಲ್ಲಿ ಒಂದು ನಸುಕಿನಲ್ಲಿ ಹೊಲದ ಅಂಚಿನಲ್ಲಿ ಬಳ್ಳಿ ಅಲ್ಲಾಡಿತು. ಮಂಜು ಕವಿದಿತ್ತು. ಜಂಬುಲಿಂಗಪ್ಪ ಗುಂಡು ಹಾರಿಸಿದ. ಕೇಳಿಸಿದ್ದು ಮನುಷ್ಯನ ಕೂಗು.

ಬಿದ್ದಿದ್ದವನು ಹನುಮಣ್ಣ. ಪಕ್ಕದ ಬೀದಿಯ ಕುರಿಗಾಹಿ, ಜಂಬುಲಿಂಗಪ್ಪನ ಜೊತೆ ಓದಿದವನು. ಹಿಂಡಿನಿಂದ ತಪ್ಪಿಸಿಕೊಂಡ ಮರಿಯನ್ನು ಹುಡುಕುತ್ತಾ ಬಗ್ಗಿಕೊಂಡು ಬಂದಿದ್ದ. ಜಂಬುಲಿಂಗಪ್ಪ ಬಂದೂಕು ಎಸೆದು ಓಡಿ, ಅವನನ್ನು ಹೆಗಲಿಗೆ ಹಾಕಿಕೊಂಡು ರಸ್ತೆಗೆ ಬಂದ. "ಲೇ ಹನುಮ, ಕಣ್ಣು ಬಿಡಲೇ, ಕಣ್ಣು ಬಿಡು," ಎಂದು ದಾರಿಯುದ್ದಕ್ಕೂ ಅಳುತ್ತಿದ್ದ.

ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಮೊಣಕಾಲಿನ ಮೇಲಕ್ಕೆ ಕತ್ತರಿಸಬೇಕಾಯಿತು. ಜಂಬುಲಿಂಗಪ್ಪ ಆಸ್ಪತ್ರೆಯಿಂದ ನೇರ ಠಾಣೆಗೆ ಹೋಗಿ, ನಡೆದದ್ದನ್ನೆಲ್ಲ ಹೇಳಿದ. ಕೇಸಾಯಿತು. ಜಾಮೀನಿನ ಮೇಲೆ ಮನೆಗೆ ಬಂದವನು ಹೊಲದ ಕಡೆ ತಲೆ ಹಾಕಲಿಲ್ಲ.

ಹನುಮಣ್ಣ ಆಸ್ಪತ್ರೆಯಿಂದ ಬಂದ ಮೇಲೆ ಸುಲೋಚನಮ್ಮ ಅವನ ಮನೆಗೆ ಹೋದಳು. ಕುರಿಹಟ್ಟಿ ಖಾಲಿಯಾಗಿತ್ತು. ನಡೆಯಲಾಗದವನಿಗೆ ಕುರಿ ಯಾಕೆಂದು ಮಾರಿಬಿಟ್ಟಿದ್ದರು. ಅವಳು ಬಾಗಿಲಲ್ಲೇ ಕೂತು, ಫಾದರ್ ಬಂದದ್ದು, ತಾನು ಬಂದೂಕು ಇಳಿಸಿದ್ದು, ಮತ್ತೆ ಏರಿಸಿಟ್ಟದ್ದು ಎಲ್ಲ ಹೇಳಿದಳು.

ಹನುಮಣ್ಣ ಗೋಡೆಗೆ ಒರಗಿಕೊಂಡು ಕೇಳಿಸಿಕೊಂಡ.

"ಅಕ್ಕಾ, ಅವತ್ತೇ ನನಗೊಂದು ಮಾತು ಹೇಳಿದ್ರೆ ಅವನನ್ನ ಎಳ್ಕೊಂಡು ನಾನೇ ಠಾಣೆಗೆ ಹೋಗ್ತಿದ್ದೆ. ನನ್ನ ಮಾತು ತೆಗೆದು ಹಾಕ್ತಿರ್ಲಿಲ್ಲ ಅವನು."

ಅದು ನಿಜವೆಂದು ಅವಳಿಗೆ ಗೊತ್ತಿತ್ತು. ಆದರೆ ಆ ದಿನ ಹನುಮಣ್ಣನ ನೆನಪೇ ಆಗಿರಲಿಲ್ಲ.

ಫಾದರ್ ಇನ್ನಾಸಪ್ಪನವರೂ ಬಂದರು. ಈ ಸಲ ಮಜ್ಜಿಗೆ ಮುಟ್ಟಲಿಲ್ಲ. "ಅವತ್ತು ನಾನು ನಿಮ್ಮ ಯಜಮಾನ್ರು ಬರೋವರೆಗೂ ಇಲ್ಲೇ ಕೂರಬೇಕಿತ್ತಮ್ಮ," ಎಂದರು. "ಬೇರೆ ಊರಿಗೆ ಹೊತ್ತಾಗುತ್ತೆ ಅಂತ ಎದ್ದುಬಿಟ್ಟೆ. ಆ ಊರುಗಳಲ್ಲೂ ಯಾರೂ ಕೊಡಲಿಲ್ಲ." ಪಡಸಾಲೆಯ ಮೂಲೆಯಲ್ಲಿದ್ದ ಜಂಬುಲಿಂಗಪ್ಪ ಎದ್ದು ಬಂದು ಅವರ ಕಾಲು ಹಿಡಿದ. ಫಾದರ್ ಅವನನ್ನು ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಂಡರು.

ಮುಂದಿನ ವಾರ ಚರ್ಚಿನವರು ದೊಡ್ಡಉಳ್ಳಾರ್ತಿಗೆ ಹೊರಟಾಗ ಸುಲೋಚನಮ್ಮನೂ ಜೀಪು ಹತ್ತಿದಳು. "ಮತ ಬಿಟ್ಟು ಹೋಗ್ತಾಳೇನೋ," ಎಂದು ಬೀದಿಯಲ್ಲಿ ಯಾರೋ ಆಡಿಕೊಂಡದ್ದು ಅವಳಿಗೆ ಕೇಳಿಸಿತು, ತಿರುಗಿ ನೋಡಲಿಲ್ಲ. ಹಣೆಯ ವಿಭೂತಿಯಲ್ಲೇ ಹೋಗಿ ಲೂರ್ದಮ್ಮನ ಪಕ್ಕದಲ್ಲಿ ಕೂತಳು.

ದೊಡ್ಡಉಳ್ಳಾರ್ತಿಯಲ್ಲಿ ಅವಳು ಹೆಂಗಸರನ್ನಷ್ಟೇ ಸೇರಿಸಿ, ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಜಂಪಣ್ಣ ಎಂಬ ಮುದುಕನ ಸೊಸೆ ಎದ್ದು ಮನೆಗೆ ಓಡಿದಳು. ಮಾವನನ್ನು ಕರೆದುಕೊಂಡೇ ಬಂದಳು. ಮುದುಕ ತುಸು ಗೊಣಗಿದರೂ ಬಂದೂಕು ಒಪ್ಪಿಸಲು ಠಾಣೆಗೆ ಬರುತ್ತೇನೆಂದ.

ಎಲ್ಲರೂ ಸುಲೋಚನಮ್ಮನಿಗೆ ಕೈ ಮುಗಿದರು. ಅವಳು ಜಗುಲಿಯ ಮೇಲೆ ಕುಸಿದು ಕೂತು, ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಲೂರ್ದಮ್ಮ ಅವಳ ಅಳು ನಿಲ್ಲುವವರೆಗೂ ಪಕ್ಕದಲ್ಲಿ ಕೂತಿದ್ದಳು.