ಜಾಕಿಯ ಮೇಲೆ ನಿಂತ ದೋಣಿ

ಕೆಲಸ ಹೇಳುವವರು ಗಡುವು ಕೊಡುವುದನ್ನು ಯಾವತ್ತೂ ಮರೆಯುವುದಿಲ್ಲ. ಮರೆಯುವುದು ಸಲಕರಣೆ ಕೊಡುವುದನ್ನು. ತೆರಕಣಾಂಬಿಯ ಚಿಕ್ಕಮಾದಯ್ಯನಿಗೂ ಹಾಗೇ ಆಯಿತು.

ಚಿಕ್ಕಮಾದಯ್ಯ ಮೂವತ್ತು ವರ್ಷ ಎತ್ತಿನಗಾಡಿ ಕಟ್ಟಿದವನು. ಗಾಡಿಗಳು ಕಡಿಮೆಯಾದ ಮೇಲೆ ಬಾಗಿಲು, ಕಿಟಕಿ, ಟ್ರ್ಯಾಕ್ಟರಿನ ಹಲಗೆ, ಬಂದದ್ದೆಲ್ಲ ಮಾಡುತ್ತಿದ್ದ. ಹೆಂಡತಿ ಭಾಗ್ಯ ಜೊತೆಗೇ ದುಡಿಯುವವಳು. ಉಜ್ಜುವುದು, ಬಣ್ಣ ಬಳಿಯುವುದು ಅವಳ ಪಾಲು. ಹಂಗಳದ ಹತ್ತಿರ ಹೋಂಸ್ಟೇ ನಡೆಸುವ ಗಂಗಾಧರಸ್ವಾಮಿ, ಬಂದವರನ್ನು ಕೆರೆಯಲ್ಲಿ ಆಡಿಸಲೆಂದು ಸಣ್ಣದೊಂದು ಹಳೆಯ ಹಾಯಿದೋಣಿ ಕೊಂಡಿದ್ದರು. ತಳದಲ್ಲಿ ಪಾಚಿ ಒಣಗಿ ಹಕ್ಕಳೆಗಟ್ಟಿತ್ತು, ಎರಡು ಕಡೆ ಸೀಳು ಬಿಟ್ಟಿತ್ತು. ದೋಣಿಯನ್ನು ಟ್ರೈಲರ್ ಸಮೇತ ಚಿಕ್ಕಮಾದಯ್ಯನ ಹಿತ್ತಲಿಗೆ ತಂದು ನಿಲ್ಲಿಸಿದರು. ಒಂದು ಜಾಕಿ ಕೊಟ್ಟರು. ಭಾನುವಾರದೊಳಗೆ ಆಗಬೇಕು ಎಂದು ಹೇಳಿ ಹೋದರು.

ಸೀಳು ಇದ್ದದ್ದು ದೋಣಿಯ ಹೊಟ್ಟೆ ಟ್ರೈಲರಿನ ಪಟ್ಟಿಗಳ ಮೇಲೆ ಕೂರುವ ಜಾಗದಲ್ಲೇ. ದೋಣಿಯನ್ನು ಎತ್ತದೆ ಅಲ್ಲಿಗೆ ಕೈ ಹೋಗುವಂತಿರಲಿಲ್ಲ.

ಚಿಕ್ಕಮಾದಯ್ಯ ತನಗೆ ಗೊತ್ತಿದ್ದ ದಾರಿ ಹಿಡಿದ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವಾಗ ಒಂದು ಪಕ್ಕ ಎತ್ತಿ, ಮರದ ಆನಿಕೆ ಕೊಟ್ಟು, ಅಡಿಗೆ ನುಸುಳುವುದು ಅವನಿಗೆ ಉಸಿರಾಡಿದಷ್ಟು ಸಲೀಸು. ಇಲ್ಲೂ ದೋಣಿಯ ಮುಂಭಾಗವನ್ನು ಜಾಕಿಯಿಂದ ಎತ್ತಿ, ಪಕ್ಕಕ್ಕೊಂದು ಆನಿಕೆ ಕೊಟ್ಟು, ಟ್ರೈಲರನ್ನು ಅರ್ಧ ಹಿಂದಕ್ಕೆ ಸರಿಸಿದ. ಭಾಗ್ಯ ಗೋಣಿತಾಟು ಹಾಸಿ ಅಡಿಗೆ ಜಾರಿದಳು. ಅವಳ ಎದೆಗೂ ದೋಣಿಗೂ ನಡುವೆ ನಾಲ್ಕು ಬೆರಳಿನ ಜಾಗವಿತ್ತು.

ಅಷ್ಟರಲ್ಲಿ ಸಿಂಧು ಬಂದಳು. ಭಾಗ್ಯಳ ಅಣ್ಣನ ಮಗಳು. ಕೊಚ್ಚಿಯಲ್ಲಿ ದೋಣಿ ರಿಪೇರಿಯ ಶೆಡ್ಡಿನಲ್ಲಿ ನಾಲ್ಕು ವರ್ಷದಿಂದ ಕೆಲಸ, ಈಗ ರಜೆಯ ಮೇಲೆ ಊರಿಗೆ ಬಂದಿದ್ದಳು. ಅವಳು ಕೂಗಾಡಲಿಲ್ಲ.

"ಅತ್ತೆ, ಮೊದ್ಲು ಈಚೆ ಬಾ. ಟೀ ಕುಡಿಯನ," ಎಂದಳು.

ಭಾಗ್ಯ ಹೊರಗೆ ಬಂದ ಮೇಲೆ, ದೋಣಿಯನ್ನು ಏನು ಹಿಡಿದುಕೊಂಡಿದೆ ಎಂದು ಸಿಂಧು ಮಾವ ಚಿಕ್ಕಮಾದಯ್ಯನನ್ನು ಕೇಳಿದಳು.

"ಜಾಕಿ ಅದೆ, ಆನಿಕೆ ಅದೆ. ಇನ್ನೇನಮ್ಮಿ ಬೇಕು?"

"ಗಾಡಿಗೆ ಚಕ್ರ ಅದೆ ಮಾವ, ನಿಂತ್ಕತದೆ. ದೋಣಿಗೆ ಕಾಲು ಎಲ್ಲದೆ? ಅದು ಹೊಟ್ಟೆ ಮ್ಯಾಲೆ ಉರ್ಳೋದು."

"ನಂಗೇ ಆನಿಕೆ ಕೊಡೋದ ಹೇಳ್ಕೊಡ್ತೀಯಾ? ನಾನು ಎತ್ತಿರೋ ಗಾಡಿಗೋಳ್ನ ಸಾಲಾಗಿ ನಿಲ್ಸುದ್ರೆ ಗುಂಡ್ಲುಪೇಟೆ ಮುಟ್ತವೆ ಕಣಮ್ಮಿ."

"ಮುಟ್ಲಿ ಬುಡು," ಎಂದಳು ಭಾಗ್ಯ. "ಅಡೀಲಿ ಮನಗೋಳು ನಾನಲ್ವಾ?"

ಸಿಂಧು ವಾದ ಬೆಳೆಸಲಿಲ್ಲ. ದೋಣಿಯ ಪಕ್ಕ ಒಂದು ಕೋಲು ನೆಟ್ಟು, ತಳದ ಅಂಚಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಮೂವರೂ ಜಗಲಿಗೆ ಹೋಗಿ ಕೂತರು. ಟೀ ಆಯಿತು, ಈ ಸಲದ ಅರಿಸಿನದ ಬೆಳೆಯ ಮಾತಾಯಿತು. ಅರ್ಧ ಗಂಟೆ ಕಳೆದಿರಬೇಕು. ವಾಪಸು ಬಂದು ನೋಡಿದರೆ ದೋಣಿ ಗೆರೆಯಿಂದ ಎರಡು ಬೆರಳು ಕೆಳಗಿತ್ತು. ನೀರುಂಡ ಹಿತ್ತಲ ಮಣ್ಣಿನಲ್ಲಿ ಜಾಕಿಯ ಬುಡ ಮೆಲ್ಲಗೆ ಹೂತುಕೊಳ್ಳುತ್ತಿತ್ತು. ಏನೂ ಬಿದ್ದಿರಲಿಲ್ಲ, ಏನೂ ಮುರಿದಿರಲಿಲ್ಲ.

ಚಿಕ್ಕಮಾದಯ್ಯ ಕುಕ್ಕರುಗಾಲಲ್ಲಿ ಕೂತು, ಗೋಣಿತಾಟಿನ ಮೇಲೆ ಕೈಯಿಟ್ಟು ಬೆರಳಲ್ಲಿ ಅಳೆದ. ಇನ್ನೊಂದು ಸಲ ಅಳೆದ.

"ಸದ್ದೇ ಆಗ್ನಿಲ್ವಲ್ಲಮ್ಮಿ," ಎಂದ.

"ಆಗಲ್ಲ ಮಾವ. ನನ್ ಜೊತೇಲಿ ಕೆಲ್ಸ ಮಾಡ್ತಿದ್ದೋನ್ಗೂ ಕೇಳುಸ್ನಿಲ್ಲ. ಅವ್ನು ದೋಣಿ ಅಡೀಲಿ ಸಿಕ್ಕಿ ಸತ್ತೋದ್ಮೇಲೆ ಎಲ್ರೂ ಗ್ರಾಚಾರ ಅಂದ್ರು. ಗ್ರಾಚಾರ ಅಲ್ಲ. ಅಡೀಲಿ ಭಾರ ಹೊರೋ ಸ್ಟ್ಯಾಂಡು ಇರ್ನಿಲ್ಲ, ಅಷ್ಟೇಯ."

ಅವಳು ಹೇಳಿಕೊಟ್ಟಂತೆ ದೋಣಿಯನ್ನು ಮೊದಲು ಟ್ರೈಲರಿಗೇ ಇಳಿಸಿದರು. ಆಮೇಲೆ ಚಿಕ್ಕಮಾದಯ್ಯ ಫೋನು ತೆಗೆದ. ದೊಡ್ಡವರ ಮಾತಿಗೆ ಎದುರಾಡಿ ಅವನಿಗೆ ಗೊತ್ತಿರಲಿಲ್ಲ. ಎತ್ತಲು ಚೈನ್ ಪುಲ್ಲಿ, ಅದನ್ನು ಕಟ್ಟಲು ಕಬ್ಬಿಣದ ಚೌಕಟ್ಟು, ಅಗಲದ ಬೆಲ್ಟು ಬೇಕು, ಮರ ಕೊಟ್ಟರೆ ಸ್ಟ್ಯಾಂಡು ತಾನೇ ಮಾಡಿಕೊಳ್ಳುತ್ತೇನೆ, ಅಲ್ಲಿಯವರೆಗೆ ಮುಟ್ಟುವುದಿಲ್ಲ ಎಂದ. ಭಾನುವಾರ ಗೆಸ್ಟುಗಳು ಬರುತ್ತಾರಲ್ಲ ಎಂದರು ಗಂಗಾಧರಸ್ವಾಮಿ.

"ಗೆಸ್ಟು ಬತ್ತರೆ, ಓಯ್ತರೆ. ನಂಗೆ ಎಂಡ್ರು ಒಬ್ಳೇ ಸ್ವಾಮಿ."

ಸರಿ, ಕಳಿಸುತ್ತೇನೆ ಎಂದರು ಗಂಗಾಧರಸ್ವಾಮಿ. ಎರಡು ದಿನ ಬಿಟ್ಟು ಸಾಮಾನು ಬಂತು. ಬಂದ ಮರದಲ್ಲಿ ಚಿಕ್ಕಮಾದಯ್ಯ ನಾಲ್ಕು ಸ್ಟ್ಯಾಂಡು ಮಾಡಿದ.

ಗಟ್ಟಿ ನೆಲ ನೋಡಿ ಟ್ರೈಲರ್ ನಿಲ್ಲಿಸಿ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟರು. ಹಾಯಿಕಂಬ ಬಿಚ್ಚಿ, ಒಳಗಿದ್ದ ಸಾಮಾನೆಲ್ಲ ತೆಗೆದು ದೋಣಿ ಹಗುರ ಮಾಡಿದರು. ಹಿಂದೊಂದು ಮುಂದೊಂದು ಬೆಲ್ಟು ಹಾಕಿ, ಕಬ್ಬಿಣದ ಚೌಕಟ್ಟಿಗೆ ಕಟ್ಟಿದ ಪುಲ್ಲಿಯಿಂದ ಎತ್ತಿದರು. ತೂಗುವ ದೋಣಿಯ ಅಡಿಗೆ ಯಾರೂ ಕಾಲಿಡಲಿಲ್ಲ. ಟ್ರೈಲರನ್ನು ಹಗ್ಗ ಕಟ್ಟಿ ದೂರದಿಂದಲೇ ಎಳೆದರು, ಸ್ಟ್ಯಾಂಡುಗಳನ್ನು ಕೋಲಿನಿಂದ ತಳ್ಳಿದರು. ಸೊಂಟದೆತ್ತರದ ನಾಲ್ಕು ಸ್ಟ್ಯಾಂಡಿನ ಮೇಲೆ ಪೂರ್ತಿ ಕೂತ ದೋಣಿಯನ್ನು ಚಿಕ್ಕಮಾದಯ್ಯ ಭುಜ ಕೊಟ್ಟು ಅಲುಗಿಸಿ ನೋಡಿದ. ಅಲುಗಲಿಲ್ಲ. ಭಾಗ್ಯ ಮೂಗಿಗೆ ಮಾಸ್ಕು ಕಟ್ಟಿ, ಪಕ್ಕದಲ್ಲಿ ಸ್ಟೂಲು ಹಾಕಿ ಕೂತು ಪಾಚಿ ಕೆರೆದಳು. ಸೀಳು ಮುಚ್ಚಿತು, ಬಣ್ಣ ಏರಿತು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ದೋಣಿ ಇರಲಿಕ್ಕಿಲ್ಲ. ಟ್ರ್ಯಾಕ್ಟರ್ ಇದೆ, ಟಿಲ್ಲರ್ ಇದೆ, ಆಟೋ ಇದೆ. ಜಾಕಿ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಎತ್ತಿದ್ದನ್ನು ಸ್ಟ್ಯಾಂಡಿನ ಮೇಲೆ ಕೂರಿಸುವ ತನಕ ಅದರ ಅಡಿಗೆ ತಲೆ ಬೇಡ, ಕೈಯೂ ಬೇಡ. ಕೆಲಸ ಕೊಡುವವರೇ, ಗಡುವು ಹೇಳುವ ಮುನ್ನ ಸಲಕರಣೆ ಕೊಡಿ. ಅದು ನೀವು ಮಾಡುವ ಉಪಕಾರವಲ್ಲ. ಕೊಡದಿದ್ದರೆ, ದುಡಿಯುವವರೇ, ಆಗುವುದಿಲ್ಲ ಎನ್ನಿ. ಮೊದಲ ಸಲ ಹೇಳುವುದು ಕಷ್ಟ. ಆದರೂ ಹೇಳಿ.